ಹಲ್ಲಿನಲ್ಲಿ ಕಚ್ಚಿದ ಬಲೆ

ಮಂಗಳೂರು, ೧೨-೧-೧೯೩೭

ನೋಣಯ್ಯನವರೆ,

ಪತ್ರಿಕೆಗೆಂದು ನೀವು ನನ್ನ ಕೈಗೆ ಕೊಟ್ಟ ಮೀನುಬೇಟೆಯ ಲೇಖನ ನನಗೆ ಬಹಳ ಹಿಡಿಸಿತ್ತು. ಆದರೂ ಕಳಿಸುವ ಮೊದಲು ಒಂದು ಸಾಲು ತಿದ್ದಿದ್ದೆ. ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಬೀಸುವುದೆಂದು ನೀವು ಬರೆದಿದ್ದಿರಿ; ನಾನು ಅದನ್ನು ಬರೀ ಕೈಯಲ್ಲಿ ಎಂದು ಮಾಡಿದ್ದೆ. ನಾನು ಓದಿದ್ದ ಅನುವಾದದ ಕಾದಂಬರಿಗಳಲ್ಲಿ ಯಾರೂ ಬಲೆ ಕಚ್ಚುತ್ತಿರಲಿಲ್ಲ.

ಇವತ್ತು ಕುದ್ರೋಳಿಯ ಹೊಳೆಬದಿಯಲ್ಲಿ ನಿಮ್ಮ ಭಾವ ಮುದ್ದು, ಎರಡೂ ಕೈಯಲ್ಲಿ ಬಲೆ ಹಿಡಿದು, ಅದರ ಅಂಚು ಕಚ್ಚಿ ಬೀಸುತ್ತಿದ್ದ. ಹಲ್ಲಿನಲ್ಲಿ ಯಾಕೆಂದು ಕೇಳಿದೆ.

"ಮತ್ತೆಂತ ಮಾರಾಯ್ರೆ, ನನಗೆ ಮೂರು ಕೈ ಉಂಟಾ?" ಎಂದ. "ನಮ್ಮ ನೋಣಯ್ಯ ಪತ್ರಿಕೆಯಲ್ಲಿ ಬರೆದಿದ್ದ, ಬರೀ ಕೈಯಲ್ಲಿ ಬೀಸುವುದಂತೆ! ಊರವರೆಲ್ಲ ನಗಾಡಿದರು. ಸಾಯುವವರೆಗೆ ಅವ ಮತ್ತೆ ಪೆನ್ನು ಮುಟ್ಟಲಿಲ್ಲ."

ನೀವಿದ್ದಾಗ ನಿಮಗೆ ಹೇಳಲಿಲ್ಲ; ತಿದ್ದಿದವನು ನಾನೆಂದು ಮುದ್ದುವಿಗಾದರೂ ಆಗಲೇ ಹೇಳಬೇಕಿತ್ತು. ಮುದ್ದು ನಕ್ಕ. ನಾನೂ ನಕ್ಕೆ.