ಮೂರನೇ ಇಯತ್ತೆಯ ಮತದಾನ

ಬ್ಯಾಡಗಿ ಬಸ್ ಸ್ಟ್ಯಾಂಡ್,
18-12-1993, ಶನಿವಾರ

ಪ್ರೀತಿಯ ಅಬ್ಬಾ,

ನಿಮ್ಮ ಮಗಳು ಜಾಹೀದಾಳ ಸಲಾಮು. ಮೊಣಕಾಲು ನೋವು ಹೇಗಿದೆ? ಐರಣಿಯಲ್ಲಿ ಈಗ ಹೊಳೆಯ ಕಡೆಯ ಥಂಡಿಗಾಳಿ ಜೋರಿರುತ್ತದೆ. ಬೆಳಗಿನ ನಮಾಜಿಗೆ ಹೋಗುವಾಗ ಮಫ್ಲರ್ ಮರೆಯಬೇಡಿ. ಅಮ್ಮನ ಕೆಮ್ಮು ಕಡಿಮೆಯಾಯಿತೇ? ನಾನು ಆರಾಮ ಇದ್ದೇನೆ ಎಂದು ಬರೆಯಬೇಕೆಂದಿದ್ದೆ. ಆದರೆ ಮೂರು ದಿನದಿಂದ ಅರ್ಧ ರೊಟ್ಟಿಯೂ ಗಂಟಲಲ್ಲಿ ಇಳಿಯುತ್ತಿಲ್ಲ. ನಾನು ಕಲಿಸುವ ಊರಿನಲ್ಲಿ ಅಂಚೆ ಡಬ್ಬಿ ಇರುವುದು ಹಾಲೇಶಪ್ಪನವರ ಮನೆಯ ಗೋಡೆಗೆ. ಅದರಲ್ಲಿ ಹಾಕಲು ಧೈರ್ಯ ಸಾಲದೆ, ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು ಇಲ್ಲಿಗೆ ಬಂದು ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಹಾಲೇಶಪ್ಪನವರು ಮೆಣಸಿನಕಾಯಿ ವ್ಯಾಪಾರಿ. ಊರಿನ ಅರ್ಧದಷ್ಟು ಹೆಣ್ಣುಮಕ್ಕಳು ಅವರ ಕಣದಲ್ಲಿ ಕಾಯಿಯ ತೊಟ್ಟು ಬಿಡಿಸಿ ಹೊಟ್ಟೆ ಹೊರೆಯುವವರು. ಈ ಸಲ ಅವರು ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತಿದ್ದಾರೆ. ಗೋಡೆಯ ಮೇಲಿನ ಗುರುತುಗಳನ್ನು ನೋಡಿ ನನ್ನ ಮೂರನೇ ಇಯತ್ತೆಯ ಮಕ್ಕಳು, "ಓಟು ಅಂದ್ರ ಏನ್ರಿ ಅಕ್ಕೋರ?" ಎಂದು ಕೇಳಿದವು. ಮಾಡಿಯೇ ತೋರಿಸೋಣವೆಂದು ರಟ್ಟಿನ ಡಬ್ಬಿಗೆ ಕಂಡಿ ಕೊರೆದೆ. ಅಂಗಳ ಗುಡಿಸುವ, ನೀರು ತುಂಬುವ ಪಾಳಿ ನೋಡಿಕೊಳ್ಳಲು ಒಬ್ಬ ಮುಖಂಡ ಬೇಕಿತ್ತು. ಒಬ್ಬೊಬ್ಬರೇ ಕರಿಹಲಗೆಯ ಹಿಂದೆ ಹೋಗಿ ಚೀಟಿಗೆ ಗುರುತು ಹಾಕಿ ಬಂದರು. ಯಾರು ಯಾರಿಗೆ ಹಾಕಿದರೆಂದು ಯಾರಿಗೂ ತಿಳಿಯದು, ಹೇಳಬೇಕಾಗಿಯೂ ಇಲ್ಲ ಎಂದೆ. ಅಬ್ಬಾ, ಅಷ್ಟೇ ನಾನು ಕಲಿಸಿದ್ದು.

ಮರುದಿನ ಸಂಜೆ ಹಾಲೇಶಪ್ಪನವರು ಕಣಕ್ಕೆ ಬಂದು, "ಯಾರ್ಯಾರು ಎಲ್ಲಿ ಗುರುತು ಒತ್ತೀರಿ ಅಂತ ನನಗ ಗೊತ್ತಾಗತೈತಿ, ನೆಪ್ಪಿರಲಿ" ಎಂದು ಹೆಣ್ಣುಮಕ್ಕಳಿಗೆ ಹೇಳಿದರಂತೆ. ಅಲ್ಲಿ ತಾಯಿ ದುರಗವ್ವನ ಪಕ್ಕ ನನ್ನ ಮಂಗಳಾ ಕುಳಿತಿದ್ದಳು. ಇನ್ನೂ ಎಂಟು ವರ್ಷ, ಮುಂದಿನ ಹಲ್ಲೂ ಬಂದಿಲ್ಲ. "ಗೊತ್ತಾಗೂದಿಲ್ರಿ ಅಜ್ಜಾರ. ಡಬ್ಯಾಗ ಬಿದ್ದ ಮ್ಯಾಲೆ ಎಲ್ಲಾ ಚೀಟಿ ಒಂದ. ನಮ್ಮ ಅಕ್ಕೋರು ಹೇಳ್ಯಾರ" ಎಂದುಬಿಟ್ಟಳಂತೆ. ಕಣದ ತುಂಬ ನಗು ಎದ್ದಿತಂತೆ. ಆ ನಗುವೇ ಕೆಟ್ಟದಾಯಿತು. ಮರುದಿನದಿಂದ ದುರಗವ್ವನಿಗೆ ಕೆಲಸವಿಲ್ಲ.

ಬುಧವಾರ ಹಾಲೇಶಪ್ಪನವರು ಶಾಲೆಗೇ ಬಂದರು. ನನ್ನ ಕುರ್ಚಿಯಲ್ಲಿ ಕುಳಿತು, ದನಿ ಏರಿಸದೆ, "ಹುಡುಗರಿಗೆ ತಪ್ಪು ಕಲಿಸೀರಿ. ನಾಳೆ ನೀವ ತಿದ್ದಿಬಿಡ್ರಿ. ಪರಊರಾಕಿ, ಒಬ್ಬಾಕಿನ ಇರ್ತೀರಿ" ಎಂದರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಹೋದ ವರ್ಷ ಇದೇ ಡಿಸೆಂಬರಿನಲ್ಲಿ ಗಲಭೆಗೆ ಹೆದರಿ ನಾವೆಲ್ಲ ಬಾಗಿಲು ಹಾಕಿಕೊಂಡು ಕುಳಿತದ್ದು ನೆನಪಾಯಿತು.

ಗುರುವಾರ ತಿದ್ದಬೇಕೆಂದೇ ಹೋದೆ ಅಬ್ಬಾ, ನಿಮ್ಮಿಂದ ಮುಚ್ಚಿಡುವುದಿಲ್ಲ. ಬಾಗಿಲಲ್ಲಿ ಅವರ ಆಳು ನಿಂತಿದ್ದ. "ಮಕ್ಕಳೇ, ಮೊನ್ನೆ ನಾನು..." ಎನ್ನುವಷ್ಟರಲ್ಲಿ ಮಂಗಳಾ ಎದ್ದು ನಿಂತಳು. ಅತ್ತು ಕಣ್ಣು ಬಾತಿದ್ದವು. "ಅಕ್ಕೋರ, ನಾ ಸುಳ್ಳ ಹೇಳಿದ್ನೇನ್ರಿ? ನಮ್ಮವ್ವ ಹೊಡದ್ಲು." ಆಳಿನ ಕಡೆ ನೋಡದೆ, "ಇಲ್ಲವ್ವಾ, ನೀ ಖರೇನ ಹೇಳೀದಿ" ಎಂದೆ. ಆಳು ಉಗುಳಿ ಹೊರಟುಹೋದ. ಅಂದಿನಿಂದ ನಾನು ಹೋದಲ್ಲೆಲ್ಲ ಒಂದು ಸೈಕಲ್ಲು ಹಿಂದೆ ಬರುತ್ತಿದೆ. ಕೋಣೆ ಕೊಟ್ಟ ಹೊನ್ನವ್ವ ಮುಖ ನೋಡದೆ, "ಬ್ಯಾರೆ ಕಡೆ ನೋಡ್ಕೋರಿ" ಎಂದರು. ಬಾಗಿಲ ಚಿಲಕ ಅಲುಗಿದರೂ ಜೀವ ಹಾರುತ್ತದೆ.

ಆದ್ದರಿಂದ ಈ ಪತ್ರ ಸಿಕ್ಕ ದಿನವೇ ಹನೀಫ್ ಅಣ್ಣನನ್ನು ಕಳಿಸಿ, ಟ್ರಂಕು ಕಟ್ಟಿಟ್ಟಿರುತ್ತೇನೆ. ಅಮ್ಮನಿಗೆ ಇಷ್ಟೆಲ್ಲ ಓದಿ ಹೇಳಬೇಡಿ. ಅವರ ಕೈಗೆ ನನ್ನ ಮುತ್ತು. ನಿಮ್ಮ ದುವಾ ನನ್ನ ತಲೆಯ ಮೇಲಿರಲಿ.

ನಿಮ್ಮ
ಜಾಹೀದಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ದುರಗವ್ವ, ಕಣದ ಕೆಲಸ ಬಿಟ್ಟ ಇನ್ನೂ ನಾಲ್ವರೊಂದಿಗೆ ಎದುರಿಗೆ ಬಂದಳು. ಇಲ್ಲಿಯ ಮಾರುಕಟ್ಟೆಯಲ್ಲಿ ಐವರಿಗೂ ಕೂಲಿ ಸಿಕ್ಕಿದೆಯಂತೆ. ಬೈಯುತ್ತಾಳೆಂದು ಎದ್ದು ನಿಂತೆ. ಅವಳು ನೆಲದ ಮೇಲೆ ಕುಳಿತು, "ಅಕ್ಕೋರ, ಮಂಗಳಾಗ ಕಲಿಸಿದ್ದನ್ನ ನಮಗೂ ಒಂದೀಟು ಕಲಸ್ರಿ. ಲಗೂ, ಬಸ್ ಬರತೈತಿ" ಎಂದಳು. ಐವರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ. ಇದನ್ನು ಮುಗಿಸಿ, ಉಳಿದ ಹಾಳೆ ಹರಿದು ಚೀಟಿ ಮಾಡುತ್ತೇನೆ. ಅಣ್ಣನನ್ನು ಕಳಿಸಬೇಡಿ, ಬೇರೆ ಕೋಣೆ ನೋಡಿಕೊಳ್ಳುತ್ತೇನೆ. ಕೆಮ್ಮು ಕಡಿಮೆಯಾಗಿದ್ದರೆ, ಚುನಾವಣೆ ಮುಗಿಯುವ ತನಕ ಜೊತೆಗಿರಲು ಅಮ್ಮನನ್ನು ಕಳಿಸಿ.