ಪಾಸ್‌ವರ್ಡ್ ತೆಗೆಸಿದ ಠರಾವು

೪ ಮೇ ೨೦೦೪, ಬೆಳಿಗ್ಗೆ

ಕಳೆದ ತಿಂಗಳ ಕೊನೆಯ ವಾರ ನಮ್ಮ ಸಹಕಾರಿ ಆಸ್ಪತ್ರೆ ಪ್ರತಿಭಾಳ ಕಾಯಿಲೆಯನ್ನು ಯಲ್ಲಾಪುರದ ಪೇಟೆಗೆ ಹಂಚಿತು. ಹೀಗೇ ಬರೆದಿಡಬೇಕು. ನಾಳೆ ನಾನೇ ಮೆತ್ತಗಾಗಬಾರದು.

ಪೇಪರ್ ಅರ್ಧ ಓದಿದ್ದೆ, ಚಹಾ ಆರುತ್ತಿತ್ತು. ಬಾಗಿಲಲ್ಲಿ ಅವಳು. ಮೊದಲ ಬಸ್ಸಿಗೇ ಬಂದಿದ್ದಾಳೆ. ಬನವಾಸಿ ಕಡೆಯವಳು, ಯಲ್ಲಾಪುರದ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್. ತಿಂಗಳಿಗೊಮ್ಮೆ ಧಾರವಾಡದಿಂದ ಶಿರಸಿಗೆ ಬರುವ ಮನೋವೈದ್ಯರನ್ನು ಕಾಣುತ್ತಾಳೆ. ಆಸ್ಪತ್ರೆ ನಮ್ಮ ಮನೆಯ ಎದುರಿಗೇ. ಒಮ್ಮೆ ಸರದಿ ಕಾಯುತ್ತ ಕುಡಿಯಲು ನೀರು ಕೇಳಿ ಬಂದವಳು, ಈಗ ಪ್ರತಿ ಸಲ ಊಟ ಮಾಡಿಯೇ ಹೋಗುವುದು. ಯಲ್ಲಾಪುರದಲ್ಲೂ ಆಸ್ಪತ್ರೆಯ ಶಾಖೆ ಇದೆ, ಡಾಕ್ಟರು ಅಲ್ಲಿಗೂ ಹೋಗುತ್ತಾರೆ. ಅಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದೇ ಇಷ್ಟು ದೂರ ಬರುತ್ತಿದ್ದಳು.

ಕೂತಳು. ಅಳಲಿಲ್ಲ.

“ಶಾಲಿ ಸೆಕ್ರೆಟರಿ ಕರದು ಕೇಳಿದ್ರು ಅಕ್ಕಾರ. ನಿಮಗ ತಲಿ ಗುಳಿಗಿ ನಡದಾವಂತಲ್ಲ, ಮಕ್ಕಳನ್ನ ನಿಮ್ಮ ಕೈಯಾಗ ಹ್ಯಾಂಗ ಕೊಡೂದು ಅಂತ. ಗುಳಿಗಿ ಹೆಸರು ಸೈತ ಹೇಳಿದ್ರು.”

ಗುಳಿಗೆಯ ಹೆಸರು. ಅದು ಗೊತ್ತಿದ್ದದ್ದು ಅವಳಿಗೆ, ಡಾಕ್ಟರಿಗೆ, ಆಸ್ಪತ್ರೆಯ ಕಂಪ್ಯೂಟರಿಗೆ. ನನಗೂ ಗೊತ್ತಿರಲಿಲ್ಲ, ಕೇಳಿದವಳಲ್ಲ.

ಜೂನ್ ಮೊದಲ ವಾರ ಶಾಲೆಯ ಕಮಿಟಿ ಕೂರುತ್ತದಂತೆ. ಅಲ್ಲಿಯವರೆಗೆ ಕೆಲಸ ಇದೆ ಎಂದೂ ಇಲ್ಲ, ಹೋಯಿತೆಂದೂ ಇಲ್ಲ.

೫ ಮೇ

ನಂದನನನ್ನು ಕರೆಸಿದೆ. ಅಣ್ಣನ ಮಗ, ಐದು ರಸ್ತೆಯ ಹತ್ತಿರ ಕಂಪ್ಯೂಟರ್ ಕ್ಲಾಸ್ ನಡೆಸುತ್ತಾನೆ. ಯುಗಾದಿಗೆ ಆಸ್ಪತ್ರೆಗೆ ಹೊಸ ಸರ್ವರ್ ಕೂರಿಸಿಕೊಟ್ಟವ ಅವನೇ. ಶಿರಸಿ, ಸಿದ್ದಾಪುರ, ಯಲ್ಲಾಪುರ — ಮೂರೂ ಕಡೆಯ ರೋಗಿಗಳ ವಿವರ ಈಗ ಒಂದೇ ಕಡೆ. ಫೋನ್ ಲೈನಿನ ಮೇಲೆ ಮೂರೂ ಕೌಂಟರಿನಿಂದ ತೆರೆಯಬಹುದು.

“ಯಲ್ಲಾಪುರದ ಕೌಂಟರಿನವು ಶಿರಸಿ ರೋಗಿಯ ಗುಳಿಗೆ ನೋಡ್ಲಕ್ಕ?”

“ನೋಡ್ಲಕ್ಕು ಅತ್ತೆ.”

“ಪಾಸ್‌ವರ್ಡ್ ಹಾಕಿದ್ದಿಲ್ಯ?”

“ಹಾಕಿದ್ದೆ. ಆಸ್ಪತ್ರೆ ಕಮಿಟಿಯವು ತೆಗೆಸಿದ.”

ಬಿಡಿಸಿ ಹೇಳೆಂದೆ. ಹೊಸ ಡೇಟಾಬೇಸ್ ಬರುವಾಗ ಅದರಲ್ಲಿ ಒಂದು ಯಜಮಾನ ಖಾತೆ ಇರುತ್ತದಂತೆ, ಪಾಸ್‌ವರ್ಡ್ ಇಲ್ಲದೆ. ಜೊತೆಗೆ ಹೆಸರೇ ಇಲ್ಲದ ಇನ್ನೊಂದು ಖಾತೆ — ಯಾರು ಬಂದರೂ ಅದರಲ್ಲಿ ಒಳಗೆ ಹೋಗಬಹುದು. ಕೂರಿಸಿದವನ ಮೊದಲ ಕೆಲಸ ಯಜಮಾನ ಖಾತೆಗೆ ಪಾಸ್‌ವರ್ಡ್ ಹಾಕುವುದು, ಹೆಸರಿಲ್ಲದ್ದನ್ನು ಅಳಿಸುವುದು, ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಖಾತೆ ಮಾಡಿ ಅವರವರಿಗೆ ಬೇಕಾದಷ್ಟೇ ಕಾಣಿಸುವುದು. ನಂದನ ಅಷ್ಟನ್ನೂ ಮಾಡಿದ್ದ.

ಸಿದ್ದಾಪುರದ ಕೌಂಟರಿನಲ್ಲಿ ಕೂರುವುದು ಅಧ್ಯಕ್ಷರ ಭಾವ, ಅಕ್ಕನ ಗಂಡ. ಅವರಿಗೆ ಸಿಟ್ಟು ಬಂತು. “ಯಂಗೆ ಸಿದ್ದಾಪುರದವು ಮಾತ್ರ ಕಾಣ್ತ, ಶಿರಸಿಯವು ಕಾಣ್ತ್ವಿಲ್ಲೆ. ಆನು ಎಂತ ಕಳ್ಳನ?” ಅಧ್ಯಕ್ಷರ ಮನೆಯ ಸತ್ಯನಾರಾಯಣ ಕಥೆಗೆ ಬಂದವರು ಊಟಕ್ಕೆ ಕೂರದೆ ಎದ್ದು ಹೋದರಂತೆ. ಮನೆ ಅಳಿಯ ಉಣ್ಣದೆ ಹೋದ ಮೇಲೆ ಇನ್ನೇನು. ಮುಂದಿನ ಕಮಿಟಿ ಸಭೆಯಲ್ಲೇ ಠರಾವು — ಸಿಬ್ಬಂದಿಯಲ್ಲಿ ಪರಸ್ಪರ ವಿಶ್ವಾಸ ಇರುವುದರಿಂದ ಪಾಸ್‌ವರ್ಡಿನ ಅಗತ್ಯವಿಲ್ಲ. ಸರ್ವಾನುಮತ.

“ನೀ ಎಂತ ಮಾಡಿದೆ?”

“ಠರಾವಾತಲಿ ಅತ್ತೆ. ಹೆಸರಿಲ್ಲದ್ದ ಖಾತೆನೇ ತಿರುಗಿ ಹಾಕಿಕೊಟ್ಟೆ. ಈಗ ಎಲ್ಲರೂ ಅದರಲ್ಲೇ ಹೋಗ್ತ.”

ಚಹಾ ಕುಡಿಯದೆ ಹೋದ.

ನನ್ನದು ಟೆಲಿಫೋನ್ ಎಕ್ಸ್‌ಚೇಂಜಿನ ನೌಕರಿ. ಕಿವಿಗೆ ಹೆಡ್‌ಫೋನ್ ಹಾಕಿ ಟ್ರಂಕ್ ಕಾಲ್ ಜೋಡಿಸಿದ ಕಾಲದವಳು. ಊರಿನ ಅರ್ಧ ಸಂಸಾರ ನನ್ನ ಕಿವಿಯ ಮೇಲೆ ಹಾದುಹೋಗಿದೆ. ಎಪ್ಪತ್ತೆಂಟರಲ್ಲಿ ನಮ್ಮಲ್ಲೇ ಒಬ್ಬಳು ಯಾರದೋ ಮದುವೆ ಮುರಿದ ಸುದ್ದಿ ಮನೆಯಲ್ಲಿ ಹೇಳಿದಳು. ಸೂಪರ್‌ವೈಸರ್ ಸೀತಮ್ಮ ಅವಳನ್ನು ಸಸ್ಪೆಂಡ್ ಮಾಡಿಸಿದರು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವರು. ವಿಶ್ವಾಸ ಇಲ್ಲವೇ ಎಂದು ಆಗ ಯಾರೂ ಕೇಳಲಿಲ್ಲ. ವಿಶ್ವಾಸ ಇಟ್ಟವರು ಫೋನ್ ಮಾಡಿದವರು, ನಾವಲ್ಲ — ಅಷ್ಟು ಎಲ್ಲರಿಗೂ ತಿಳಿದಿತ್ತು.

೭ ಮೇ

ಅಧ್ಯಕ್ಷ ನಾಗಪತಿಯ ಮನೆಗೆ ಹೋಗಿದ್ದೆ. ಕೋಕಂ ಪಾನಕ ಕೊಟ್ಟ. ಕೆಟ್ಟವನಲ್ಲ, ಅದೇ ತೊಂದರೆ. ಠರಾವನ್ನು ಮುಚ್ಚಿಡಲೂ ಇಲ್ಲ.

“ನಮ್ಮವ್ರ ಮೇಲೇ ಅನುಮಾನ ಪಟ್ರೆ ಸಂಸ್ಥೆ ನಡಿತಿಲ್ಲೆ ಜಯಕ್ಕ. ಯಾರು ನೋಡಿದ್ದು ಹೇಳು, ನಾಳೆನೇ ಕ್ರಮ ತಗತ್ಯ.”

ಯಾರೆಂದು ಹೇಳುವುದು ಹೇಗೆ? ಎಲ್ಲರೂ ಹೆಸರಿಲ್ಲದೆ ಹೋಗಿ ಬಂದಿದ್ದಾರೆ. ಗುರುತು ಉಳಿಯದ ಹಾಗೆ ಮಾಡಿದವನೇ ಗುರುತು ತೋರಿಸು ಎನ್ನುತ್ತಾನೆ. ಇದನ್ನೇ ಹೇಳಿದೆ.

ನಕ್ಕ. “ಆ ಟೀಚರ್ ಕೂಸೇ ಯಾರ ಹತ್ರಾದ್ರೂ ಹೇಳಿಕ್ಕು. ಇಲ್ದಿದ್ರೆ ನೀನೂ ಎಕ್ಸ್‌ಚೇಂಜಿನವಳೇ ಅಲ್ದ.”

ತಮಾಷೆಗೆ ಅಂದದ್ದಂತೆ. ಅವನ ಹೆಂಡತಿ ಒಳಗಿನಿಂದ “ಎಂತ ಮಾತು ಅದು” ಅಂದದ್ದು ಕೇಳಿತು. ಲೋಟ ಅಲ್ಲೇ ಇಟ್ಟು ಬಂದೆ.

೧೪ ಮೇ

ಇಷ್ಟು ದಿನ ಏನೂ ಬರೆಯಲಿಲ್ಲ. ಸಿಟ್ಟು ಇಳಿಯಲಿಲ್ಲ.

ಇವತ್ತು ಯಲ್ಲಾಪುರ. ಶಾಖೆಯ ಕೌಂಟರಿನಲ್ಲಿ ಸಂದೇಶ ಎಂಬ ಗುಮಾಸ್ತ, ಎರಡು ಮಕ್ಕಳ ತಂದೆ. ನಾನು ಯಾರೆಂದು ಹೇಳದೆ, ಶಿರಸಿಯ ಜಯಾ ಭಟ್ ಎಂದು ನನ್ನದೇ ಹೆಸರು ಹೇಳಿ, ಅವರ ವಿವರ ಬೇಕಿತ್ತು ಅಂದೆ. ನೀವು ಯಾರು, ಏಕೆ ಎಂದು ಕೇಳಲಿಲ್ಲ. ಟೈಪ್ ಮಾಡಿದ. ಓದಿದ, ಗಟ್ಟಿಯಾಗಿ, ಉಪಕಾರ ಮಾಡುವ ದನಿಯಲ್ಲಿ.

“ಹಾಂ, ಇದ್ದು. ತೊಂಬತ್ತಾರರಲ್ಲಿ ಗರ್ಭಕೋಶ ತೆಗೆದ್ದ. ಮೂತ್ರ ತಡಿತಿಲ್ಲೆ ಹೇಳಿ ಎರಡು ಸಲ ಬಂದಿದ್ದ. ನಿದ್ರೆ ಗುಳಿಗೆ ನಡಿತಾ ಇದ್ದು. ಪ್ರಿಂಟ್ ಬೇಕಾ ಅಮ್ಮ?”

ಬೆಂಚಿನ ಮೇಲಿದ್ದವರೆಲ್ಲ ಕೇಳಿದರು. ಕೂರಲು ಹೋದರೆ ಒಬ್ಬ ಹೆಂಗಸು ನನ್ನ ಮುಖ ನೋಡಿ, ಆ ವಿವರ ನನ್ನದೇ ಎಂದು ಅರ್ಥವಾದವಳಂತೆ, ಸರಿದು ಬಹಳ ಜಾಗ ಕೊಟ್ಟಳು. ಆ ಜಾಗದಲ್ಲಿ ಕೂರಲಾಗಲಿಲ್ಲ.

ಅಲ್ಲಿಂದ ಪ್ರತಿಭಾಳ ಬಾಡಿಗೆ ಕೋಣೆಗೆ. ರಜೆಯ ಟ್ಯೂಶನ್ ನಿಂತಿದೆ, ಮಕ್ಕಳನ್ನು ಯಾರೂ ಕಳಿಸುತ್ತಿಲ್ಲ. ಕರಿಹಲಗೆಯ ಮೇಲೆ ಭಿನ್ನರಾಶಿಯ ಲೆಕ್ಕ ಹಾಗೇ ಇತ್ತು. ಮೂವತ್ತನೇ ತಾರೀಕು ಆಸ್ಪತ್ರೆಯ ವಾರ್ಷಿಕ ಸಭೆ, ಅಲ್ಲಿ ಎಲ್ಲ ಸದಸ್ಯರ ಎದುರು ಎತ್ತುತ್ತೇನೆ ಎಂದೆ. ನನ್ನಷ್ಟಕ್ಕೆ ಹುರುಪಿನಲ್ಲಿದ್ದೆ.

“ಬ್ಯಾಡ್ರಿ ಅಕ್ಕಾರ. ನನ್ನ ಹೆಸರು ತಗೀಬ್ಯಾಡ್ರಿ.”

“ಹೆಸರು ಇಲ್ಲದೆ ಹೇಗೆ ಕೇಳುವುದು?”

“ಈಗ ಯಲ್ಲಾಪುರಕ್ಕಷ್ಟ ಗೊತ್ತೈತಿ. ನೀವು ಮೈಕಿನಾಗ ಹೇಳಿದ್ರ ಶಿರಸಿ, ಸಿದ್ದಾಪುರ ಎಲ್ಲಾ ಕಡಿ ಆತು. ಆಮ್ಯಾಗ ನನಗ ಯಾವ ಶಾಲಿ ಉಳೀತೈತ್ರಿ?”

ಅವಳಿಗೆ ಬೇಕಾದದ್ದು ಒಂದೇ. ಸುದ್ದಿ ಹೋದದ್ದು ನಮ್ಮ ತಪ್ಪಿನಿಂದ, ಈಕೆ ಪಾಠ ಮಾಡಲು ಯೋಗ್ಯಳು ಎಂದು ಆಸ್ಪತ್ರೆ ಶಾಲೆಗೆ ಬರೆದುಕೊಡಬೇಕು. ಡಾಕ್ಟರು ಸಿದ್ಧ. ಆದರೆ ಕಾಗದಕ್ಕೆ ಆಸ್ಪತ್ರೆಯ ಮೊಹರು, ಸಿಕ್ಕಾ ಹಾಕಲು ಕಮಿಟಿಯ ಒಪ್ಪಿಗೆ ಬೇಕು. ಕಮಿಟಿ ತಪ್ಪೇ ಆಗಿಲ್ಲ ಎನ್ನುತ್ತಿದೆ.

೨೩ ಮೇ

ನಂದನ ಬಂದಿದ್ದ. ಪಾಸ್‌ವರ್ಡ್ ಹಾಕಲು ಅಧ್ಯಕ್ಷರೇ ಹೇಳಿದರಂತೆ. ಸಂತೋಷಪಡಲು ಹೊರಟೆ.

“ಎಲ್ಲರಿಗೂ ಒಂದೇ ಪಾಸ್‌ವರ್ಡ್ ಅತ್ತೆ. ಬೇರೆ ಬೇರೆ ಕೊಟ್ರೆ ಮತ್ತೆ ಭಾವಂಗೆ ಬೇಜಾರು.”

ಜೊತೆಗೆ ಹೇಳಿಕಳಿಸಿದ ಮಾತೊಂದನ್ನೂ ತಂದಿದ್ದಾನೆ. ನಾಗಪತಿ ನಮ್ಮ ಮನೆಗೆ ಬರುತ್ತಾನಂತೆ, ಆ ಹುಡುಗಿಯನ್ನು ಕರೆಸಬೇಕಂತೆ, ಬೇಜಾರಾಯಿತು ಎಂದು ಹೇಳಿ ಅವಲಕ್ಕಿ ತಿಂದು ಹೋಗುತ್ತಾನಂತೆ. ಸಭೆಯಲ್ಲಿ ಮಾತ್ರ ಎತ್ತಬಾರದು. ಶಾಲೆಗೆ ಬರೆದುಕೊಡುವ ವಿಷಯ?

“ಅದು ಕೊಟ್ರೆ ತಪ್ಪು ಒಪ್ಪಿದ ಹಾಂಗಾಗ್ತು ಹೇಳ್ದ.”

ಅಳಿಯನ ಊಟಕ್ಕಾಗಿ ಠರಾವು ಮಾಡಬಹುದು. ಒಬ್ಬಳ ಅನ್ನ ಹೋಗುವುದಕ್ಕೆ ಅವಲಕ್ಕಿ ಸಾಕು.

ಸಭೆಯಲ್ಲಿ ನಿನ್ನನ್ನು ಕೇಳಿದರೆ ನಡೆದದ್ದು ಹೇಳುತ್ತೀಯಾ ಅಂದೆ. ಎದ್ದ. ಆಸ್ಪತ್ರೆಯ ಕೆಲಸ ಹೋದರೆ ಕ್ಲಾಸಿನ ಬಾಡಿಗೆ ಕಷ್ಟ, ನನಗೂ ಗೊತ್ತು. ಬಾಗಿಲ ತನಕ ಹೋಗಿ ತಿರುಗಿದ. “ಕೇಳಿದ್ರೆ ಸುಳ್ಳು ಹೇಳ್ತ್ನಿಲ್ಲೆ ಅತ್ತೆ.” ಅಷ್ಟೇ.

೨೯ ಮೇ

ಪ್ರತಿಭಾ ಫೋನ್ ಮಾಡಿದ್ದಳು. ಶಾಲೆಯ ಕಮಿಟಿ ಮೂರನೇ ತಾರೀಕಿಗೆ. ಅವಳ ಹೆಸರು ನನ್ನ ಬಾಯಿಂದ ಬರುವುದಿಲ್ಲ ಎಂದೆ. ಹಾಗಾದರೆ ಏನು ಕೇಳುತ್ತೀರಿ ಅಂದಳು. ನನ್ನದನ್ನೇ ಕೇಳುತ್ತೇನೆ ಅಂದೆ.

“ಅಷ್ಟೂ ಮಂದಿ ಮುಂದರೀ?”

ಅಷ್ಟೂ ಮಂದಿ ಮುಂದೆ.

ಹಾಗೆಂದ ಮೇಲೆ ಹೆದರಿಕೆ ಶುರುವಾಗಿದೆ. ಆಪರೇಶನ್ ವಿಷಯ ಅಣ್ಣನಿಗೂ ಪೂರ್ತಿ ಗೊತ್ತಿಲ್ಲ. ಮೂತ್ರದ ವಿಷಯ ಯಾರಿಗೂ ಗೊತ್ತಿಲ್ಲ. ಸಭೆಯಲ್ಲಿ ಅರ್ಧ ಜನ ನೆಂಟರು.

೩೦ ಮೇ, ಬೆಳಿಗ್ಗೆ

ಸಭೆಗೆ ಹೊರಡುವ ಮುಂಚೆ. ನಾಲಿಗೆ ತೊದಲಬಾರದೆಂದು ಬರೆದು ನೋಡಿಕೊಳ್ಳುತ್ತಿದ್ದೇನೆ.

ಅಧ್ಯಕ್ಷರೇ, ನಾನು ಜಯಾ ಭಟ್, ಈ ಆಸ್ಪತ್ರೆಯ ಸದಸ್ಯೆ. ನನ್ನ ಗರ್ಭಕೋಶ ತೆಗೆದಿದ್ದಾರೆ. ಮೂತ್ರ ತಡೆಯುವುದಿಲ್ಲ. ಗುಳಿಗೆ ಇಲ್ಲದೆ ನಿದ್ರೆ ಬರುವುದಿಲ್ಲ. ನಗುವವರು ಈಗಲೇ ನಕ್ಕು ಮುಗಿಸಿ. ಇದನ್ನು ನಿಮ್ಮ ಯಲ್ಲಾಪುರದ ಕೌಂಟರು ಅಪರಿಚಿತಳೊಬ್ಬಳಿಗೆ ಗಟ್ಟಿಯಾಗಿ ಓದಿ ಹೇಳಿತು. ನನಗಾದದ್ದು ಇಲ್ಲಿ ಕೂತ ಯಾರಿಗೂ ಆಗಿರಬಹುದು. ಆದವರೂ ಇದ್ದಾರೆ, ಅವರು ಬಾಯಿ ಬಿಡುವ ಸ್ಥಿತಿಯಲ್ಲಿಲ್ಲ. ಅಂಥವರು ಬಂದು ಕೇಳಿದರೆ ‘ಇದು ನಮ್ಮ ತಪ್ಪು’ ಎಂದು ಸಿಕ್ಕಾ ಹಾಕಿ ಬರೆದುಕೊಡುತ್ತೀರೋ ಇಲ್ಲವೋ? ಒಬ್ಬೊಬ್ಬರಿಗೆ ಅವರವರ ಹೆಸರಿನ ಖಾತೆ ಎಂದಿನಿಂದ? ನಮ್ಮ ಗುಟ್ಟಿನ ಮೇಲೆ ನಿಮ್ಮ ನಿಮ್ಮೊಳಗೆ ವಿಶ್ವಾಸದ ಠರಾವು ಮಾಡಲು ನಿಮಗೆ ಅಧಿಕಾರ ಕೊಟ್ಟವರು ಯಾರು? ಮನೆಗೆ ಬಂದು ಹೇಳಬೇಡಿ. ಇಲ್ಲೇ, ಮೈಕಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ —