ಅಮ್ಮ ಆಡದ ಮಾತು

ಪುಟ್ಟೂ,

ನಾನು ಡ್ಯೂಟಿಗೆ ಹೊರಟೆ. ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊ. ಊಟ ಆದ ಮೇಲೆ ಅಮ್ಮನಿಗೆ ಬಿ.ಪಿ. ಮಾತ್ರೆ ಕೊಡು.

ನಿನ್ನ ಬೀಗದ ಕಂಪನಿಗೆ ನೀನು ಬರೆದುಕೊಟ್ಟ ಕರಪತ್ರವನ್ನು ನಮ್ಮ ಗೇಟಿಗೂ ಸಿಕ್ಕಿಸಿದ್ದರು. ನೀನು ಮನೆಮನೆ ಸುತ್ತಿ ಮಾಡಿದ ಸಮೀಕ್ಷೆಯಂತೆ, ಬೀದಿಯಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಸರಗಳ್ಳರ ಭಯವಂತೆ. ಕೆಳಗೆ ಅಮ್ಮನ ಫೋಟೊ, 'ಹೊರಗೆ ಕಾಲಿಡಲೂ ಹೆದರಿಕೆ' ಅನ್ನುವ ಮಾತು. ಆ ಫೋಟೊ ನಾನು ತೆಗೆದದ್ದು ಕಣೋ, ಅವಳು ನಗುತ್ತಿದ್ದಾಗ. ನಗುವ ಬಾಯಿಯನ್ನು ಕತ್ತರಿಸಿ ಕಣ್ಣಷ್ಟೇ ಹಾಕಿದ್ದೀಯ.

ಅವಳು ಹಾಗೆಲ್ಲಿ ಅಂದಳು? ಅವಳನ್ನೇ ಕೇಳಿದೆ. "ಯಾರಾದ್ರೂ ಹಿಂದಿಂದ ಸರಕ್ಕೆ ಕೈ ಹಾಕಿದ್ರೆ ಭಯ ಆಗಲ್ವಾ ಅಂತ ಪುಟ್ಟು ಕೇಳ್ದ, ಆಗುತ್ತಪ್ಪಾ ಅಂದೆ" ಅಂತಾಳೆ. ಅಷ್ಟೇ!

ನಾವು ಹುಟ್ಟಿದಾಗಿನಿಂದ ಈ ಬೀದಿಯಲ್ಲಿ ಯಾರ ಸರವೂ ಹೋಗಿಲ್ಲ. ಆದರೂ ಆ ಕರಪತ್ರ ಓದಿದ ಮೇಲೆ ನಾಲ್ಕು ದಿನದಿಂದ ಅಮ್ಮ ಪಾರ್ಕಿಗೆ ಹೋಗಿಲ್ಲ, ಹಗಲಲ್ಲೂ ಚಿಲಕ ಹಾಕಿಕೊಂಡು ಕೂರುತ್ತಾಳೆ. ಅದೆಲ್ಲ ಸುಳ್ಳಮ್ಮಾ ಅಂದರೆ, "ನನ್ನ ಮಗ ಸುಳ್ಳು ಬರೀತಾನೇನೇ?" ಅಂತ ನನ್ನ ಮೇಲೇ ರೇಗಿದಳು.

ನನಗೆ ನಿನ್ನ ಸಮಜಾಯಿಷಿ ಬೇಡ. ಸಂಜೆ ಐದಕ್ಕೆ ಅವಳ ಜೊತೆ ಪಾರ್ಕಿಗೆ ಹೋಗು. ನಿಜ ಏನೆಂದು ನಿನ್ನ ಬಾಯಿಂದಲೇ ಹೇಳು. ನಾನು ಎಷ್ಟು ಹೇಳಿದರೂ ಅವಳು ಕೇಳುತ್ತಿಲ್ಲ. ಈ ಮನೆಯಲ್ಲಿ ಇನ್ನೂ ನಿನ್ನನ್ನು ನಂಬುವವಳು ಅವಳೊಬ್ಬಳೇ.

ಅಕ್ಕ